ಸೌರಮಾರುತದ ಬೆನ್ನು ಹತ್ತಿದ ಉಡುಪಿಯ ರಾಯರು

2024ರ ಜೂನ್ ತಿಂಗಳು. ನಮ್ಮ ಕರ್ಜಗಿಯಲ್ಲಿ ಕಾರಹುಣ್ಣಿಮೆಯ ಸಡಗರ ಶುರುವಾಗಿತ್ತು. ಎತ್ತುಗಳ ಮೈ ತೊಳೆದು ಕೊಂಬಿಗೆ ಬಣ್ಣ ಬಳಿಯುವ ಕೆಲಸದಲ್ಲಿ ಅರ್ಧ ತರಗತಿ ಮನೆಯಲ್ಲೇ ಉಳಿದಿತ್ತು. ಬಂದಿದ್ದ ಕೆಲವೇ ಹುಡುಗರಲ್ಲಿ ಒಬ್ಬ, ಒಂಬತ್ತನೆಯ ತರಗತಿಯವನು, ಹಳೆಯ ಪತ್ರಿಕೆಯ ತುಂಡೊಂದನ್ನು ನೋಟುಬುಕ್ಕಿನ ನಡುವೆ ಮಡಚಿಟ್ಟುಕೊಂಡು ಬಂದಿದ್ದ. ಬೇಸಿಗೆ ರಜೆಯಲ್ಲಿ ಬಂದ ಪತ್ರಿಕೆ ಅದು. ಲಡಾಖಿನ ಹಾನ್ಲೆ ಎಂಬಲ್ಲಿ ನಡುರಾತ್ರಿಯ ಆಕಾಶ ಕುಂಕುಮ ಚೆಲ್ಲಿದಂತೆ ಕೆಂಪಾಗಿದ್ದ ಚಿತ್ರ ಅದರಲ್ಲಿತ್ತು.

"ಸರ, ಇದು ನಮ್ಮೂರಾಗ ಯಾಕ ಕಾಣಲಿಲ್ರಿ?" ಎಂದು ಕೇಳಿದ.

ನಾನು ವರ್ಷಗಳಿಂದ ಹೇಳಿಕೊಂಡು ಬಂದ ಉತ್ತರವನ್ನೇ ಹೇಳಿದೆ. ಸೂರ್ಯನಿಂದ ವಿದ್ಯುತ್ ತುಂಬಿದ ಕಣಗಳು ಹೊರಡುತ್ತವೆ. ಭೂಮಿ ಒಂದು ದೊಡ್ಡ ಅಯಸ್ಕಾಂತ. ಅದು ಆ ಕಣಗಳನ್ನು ಧ್ರುವಗಳ ಕಡೆಗೆ ತಿರುಗಿಸುತ್ತದೆ. ಅಲ್ಲಿ ಅವು ಗಾಳಿಗೆ ಬಡಿದು ಬೆಳಕಾಗುತ್ತವೆ. ಅದೇ ಧ್ರುವಪ್ರಭೆ. ನಾವಿರುವುದು ಧ್ರುವದಿಂದ ಬಹು ದೂರ, ಆದ್ದರಿಂದ ನಮಗೆ ಆ ಭಾಗ್ಯವಿಲ್ಲ. ಹುಡುಗ ತಲೆಯಾಡಿಸಿದ. ಕೂತವನು ಮತ್ತೆ ಎದ್ದ.

"ಆ ಕಣ ಬರೂದನ್ನ ಯಾರರ ಅಳದು ನೋಡ್ಯಾರೇನ್ರಿ ಸರ?"

ಮೂವತ್ತು ವರ್ಷ ಪಾಠ ಮಾಡಿದವನಿಗೆ ಥಟ್ಟನೆ ಉತ್ತರ ಹೊಳೆಯಲಿಲ್ಲ. ನಾಳೆ ಹೇಳುತ್ತೇನೆ ಎಂದೆ. ಮನೆಗೆ ಬಂದು ಪುಸ್ತಕ, ಅಂತರ್ಜಾಲ ಎಲ್ಲ ತಡಕಾಡಿದಾಗ ಸಿಕ್ಕ ಉತ್ತರ ನನ್ನನ್ನೇ ಬೆಚ್ಚಿಬೀಳಿಸಿತು. ಅಳೆದು ನೋಡಿದ ಮೊದಲಿಗರ ಸಾಲಿನಲ್ಲಿ ನಮ್ಮ ಕರ್ನಾಟಕದವರೇ ಒಬ್ಬರಿದ್ದರು. ಅವರ ಹೆಸರನ್ನು ನಾನು ತರಗತಿಯಲ್ಲಿ ನೂರಾರು ಸಲ ಹೇಳಿದ್ದೇನೆ. ಆದರೆ ಬೇರೆ ಕಾರಣಕ್ಕೆ!

ಯು.ಆರ್. ರಾವ್ ಎಂದೊಡನೆ ನಮಗೆಲ್ಲ ನೆನಪಾಗುವುದು ಆರ್ಯಭಟ ಉಪಗ್ರಹ. ಹಳೆಯ ಎರಡು ರೂಪಾಯಿ ನೋಟಿನ ಹಿಂಬದಿಯಲ್ಲಿ ಅದರ ಚಿತ್ರವಿತ್ತು. ನನ್ನ ವಾರಿಗೆಯವರು ಅದನ್ನು ಜೇಬಿನಲ್ಲಿಟ್ಟುಕೊಂಡೇ ಬೆಳೆದವರು. 'ಭಾರತದ ಉಪಗ್ರಹಗಳ ಜನಕ, ಇಸ್ರೊದ ಅಧ್ಯಕ್ಷರಾಗಿದ್ದರು' ಎಂದು ಒಂದು ಅಂಕದ ಪ್ರಶ್ನೆಗೆ ಉತ್ತರ ಬರೆಸಿ ನಾವು ಮುಂದೆ ಹೋಗುತ್ತೇವೆ. ಆದರೆ ಉಪಗ್ರಹ ಕಟ್ಟುವ ಮೊದಲು ಈ ಮನುಷ್ಯ ಹತ್ತು ಹದಿನೈದು ವರ್ಷ ಮಾಡುತ್ತಿದ್ದುದೇನು ಎಂದು ನಾನಂತೂ ಕೇಳಿಕೊಂಡಿರಲಿಲ್ಲ.

ಉಡುಪಿ ರಾಮಚಂದ್ರ ರಾವ್ ಹುಟ್ಟಿದ್ದು 1932ರ ಮಾರ್ಚ್ 10ರಂದು, ಉಡುಪಿ ಸಮೀಪದ ಅದಮಾರಿನಲ್ಲಿ. ಉಡುಪಿಯ ಕ್ರಿಶ್ಚಿಯನ್ ಹೈಸ್ಕೂಲಿನಲ್ಲಿ ಓದಿದರು. ಮುಂದೆ ಬಳ್ಳಾರಿಯ ವೀರಶೈವ ಕಾಲೇಜು, ಬಿ.ಎಸ್‌ಸಿ.ಗೆ ಅನಂತಪುರ, ಎಂ.ಎಸ್‌ಸಿ.ಗೆ ಕಾಶಿಯ ಬನಾರಸ್ ಹಿಂದೂ ವಿಶ್ವವಿದ್ಯಾಲಯ. ಉಡುಪಿಯವರು ಬಳ್ಳಾರಿ, ಅನಂತಪುರಕ್ಕೆ ಹೋದದ್ದೇಕೆ ಎಂದು ಇಂದಿನ ಮಕ್ಕಳಿಗೆ ಅಚ್ಚರಿಯಾಗಬಹುದು. ಆಗ ದಕ್ಷಿಣ ಕನ್ನಡ, ಬಳ್ಳಾರಿ, ಅನಂತಪುರ ಮೂರೂ ಮದ್ರಾಸ್ ಪ್ರಾಂತದಲ್ಲಿದ್ದವು. ನಮ್ಮ ಕರ್ಜಗಿ ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಯಲ್ಲಿತ್ತು. ಒಂದೇ ಭಾಷೆಯವರು ಕಲಿಯಲು ಒಬ್ಬೊಬ್ಬರು ಒಂದೊಂದು ದಿಕ್ಕಿಗೆ ಹೋಗುತ್ತಿದ್ದ ಕಾಲ ಅದು.

ಕಾಶಿಯಿಂದ ರಾಯರು ಸೇರಿದ್ದು ಅಹಮದಾಬಾದಿನ ಭೌತ ಸಂಶೋಧನಾ ಪ್ರಯೋಗಾಲಯವನ್ನು. ಗುರುಗಳಾಗಿ ಸಿಕ್ಕವರು ವಿಕ್ರಮ್ ಸಾರಾಭಾಯಿ. ಸಾರಾಭಾಯಿ ಅವರೂ ನಮ್ಮ ಬೆಂಗಳೂರಿಗೆ ಋಣಿಗಳೇ. 1940ರ ದಶಕದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ.ವಿ. ರಾಮನ್ ಅವರ ಬಳಿ ವಿಶ್ವಕಿರಣಗಳ ಅಧ್ಯಯನ ಆರಂಭಿಸಿದವರು. ಆಕಾಶದ ಎಲ್ಲ ದಿಕ್ಕುಗಳಿಂದ ಹಗಲು ರಾತ್ರಿ ಭೂಮಿಗೆ ಸುರಿಯುವ ಅತಿ ವೇಗದ ಕಣಗಳೇ ವಿಶ್ವಕಿರಣಗಳು. ಗಮ್ಮತ್ತೆಂದರೆ ಈ ಸುರಿತ ಯಾವಾಗಲೂ ಒಂದೇ ಸಮ ಇರುವುದಿಲ್ಲ. ದಿನದ ಹೊತ್ತಿಗೆ ತಕ್ಕಂತೆ ತುಸು ಏರುತ್ತದೆ, ಇಳಿಯುತ್ತದೆ. ಕೆಲವು ದಿನ ಇದ್ದಕ್ಕಿದ್ದಂತೆ ಕುಸಿಯುತ್ತದೆ. ಅದೇ ದಿನಗಳಲ್ಲಿ ಭೂಮಿಯ ಮೇಲಿನ ಕಾಂತಸೂಜಿಯೂ ನಡುಗಿರುತ್ತದೆ!

ನಡುವೆ ಏನೋ ಇದೆ, ಸೂರ್ಯನಿಂದ ಏನೋ ಬರುತ್ತಿದೆ ಎಂದು ಬಲ್ಲವರು ಊಹಿಸಿದ್ದರು. ಕಣದಲ್ಲಿ ಜೋಳ ತೂರುವುದನ್ನು ನೋಡಿದ ನಮಗೆ ಇದು ಹೊಸ ತರ್ಕವಲ್ಲ. ಗಾಳಿ ಕಣ್ಣಿಗೆ ಕಾಣದು, ಹೊಟ್ಟು ಎತ್ತ ಹಾರಿತು ಎಂಬುದು ಕಾಣುತ್ತದೆ. ಹೊಟ್ಟು ನೋಡಿ ಗಾಳಿಯ ದಿಕ್ಕು, ಜೋರು ಎರಡನ್ನೂ ಹೇಳಬಹುದು. ರಾಯರಿಗೆ ವಿಶ್ವಕಿರಣಗಳೇ ಹೊಟ್ಟು. ಅವುಗಳ ಏರಿಳಿತ ನೋಡಿ ಸೂರ್ಯ-ಭೂಮಿಯ ನಡುವಿನ ಕಾಣದ ಗಾಳಿಯನ್ನು ತಿಳಿಯುವ ವಿದ್ಯೆ ಅದು. ಈ ವಿದ್ಯೆಗೇ 1960ರಲ್ಲಿ ಅವರಿಗೆ ಪಿ.ಎಚ್‌ಡಿ. ದೊರೆಯಿತು.

ಆ ಗಾಳಿಗೆ 'ಸೌರಮಾರುತ' ಎಂದು ಹೆಸರಿಟ್ಟು ಲೆಕ್ಕ ಹಾಕಿ ತೋರಿಸಿದವರು ಅಮೆರಿಕದ ಯೂಜೀನ್ ಪಾರ್ಕರ್, 1958ರಲ್ಲಿ. ಅವರ ಪ್ರಬಂಧವನ್ನು ಪರಿಶೀಲಿಸಿದ ತಜ್ಞರು ಒಪ್ಪಲಿಲ್ಲ. ಆ ಪತ್ರಿಕೆಯ ಸಂಪಾದಕರಾಗಿದ್ದ ನಮ್ಮ ಎಸ್. ಚಂದ್ರಶೇಖರ್ ಅವರು ತಜ್ಞರ ಮಾತನ್ನು ಬದಿಗಿಟ್ಟು ಅದನ್ನು ಅಚ್ಚು ಹಾಕಿಸಿದರು. ರಷ್ಯದ ಲೂನಾ ನೌಕೆಗಳು ಮಾರನೆಯ ವರ್ಷ ಸುಳಿವು ಕೊಟ್ಟವು. ಆದರೂ ಒಂದು ಪ್ರಶ್ನೆ ಉಳಿದಿತ್ತು. ಇದು ಆಗಾಗ ಬೀಸುವ ಗಾಳಿಯೋ, ಎಂದೂ ನಿಲ್ಲದ ಗಾಳಿಯೋ?

1961ರಲ್ಲಿ ರಾಯರು ಅಮೆರಿಕದ ಎಂ.ಐ.ಟಿ.ಗೆ ಹೋದರು. ಸರಿಯಾದ ಹೊತ್ತಿಗೆ ಸರಿಯಾದ ಜಾಗ ಎನ್ನಬೇಕು. 1962ರ ಆಗಸ್ಟ್ 27ರಂದು ಮ್ಯಾರಿನರ್-2 ನೌಕೆ ಶುಕ್ರನತ್ತ ಹೊರಟಿತು. ಸೌರಮಾರುತವನ್ನು ಅಳೆಯುವ ಉಪಕರಣವೊಂದು ಅದರಲ್ಲಿತ್ತು; ಅದರ ಹೊಣೆ ಹೊತ್ತವರು ಮಾರ್ಸಿಯಾ ನ್ಯೂಗೆಬಾವರ್ ಮತ್ತು ಕಾನ್ವೆ ಸ್ನೈಡರ್. ಶುಕ್ರನನ್ನು ಮುಟ್ಟುವ 109 ದಿನಗಳ ಆ ದಾರಿಯಲ್ಲಿ ಉಪಕರಣ ಗಾಳಿಯನ್ನು ಅಳೆಯುತ್ತಲೇ ಹೋಯಿತು. ಗಾಳಿ ಒಂದು ದಿನವೂ ನಿಲ್ಲಲಿಲ್ಲ. ಸ್ನೈಡರ್, ನ್ಯೂಗೆಬಾವರ್ ಮತ್ತು ರಾವ್, ಈ ಮೂವರ ಹೆಸರಿನಲ್ಲಿ 1963ರಲ್ಲಿ ಒಂದು ಪ್ರಬಂಧ ಪ್ರಕಟವಾಯಿತು. ರಾಯರಿಗೆ ಆಗ 31 ವರ್ಷ.

ಈ ಪ್ರಬಂಧದ ತಿರುಳು ನಮ್ಮ ಹತ್ತನೆಯ ತರಗತಿಯ ಮಕ್ಕಳಿಗೂ ಎಟುಕುವಂಥದು ಎಂಬುದೇ ನನಗಾದ ದೊಡ್ಡ ಸಂತೋಷ. ಭೂಮಿಯ ಕಾಂತಕ್ಷೇತ್ರ ಎಷ್ಟು ಕಲಕಿದೆ ಎಂದು ತಿಳಿಸಲು ಕೆಪಿ ಎಂಬ ಒಂದು ಸೂಚಿ ಇದೆ. ಜರ್ಮನಿಯ ಜೂಲಿಯಸ್ ಬಾರ್ಟೆಲ್ಸ್ ರೂಪಿಸಿದ್ದು. ಜಗತ್ತಿನ ಹಲವು ಕಾಂತ ವೀಕ್ಷಣಾಲಯಗಳ ಲೆಕ್ಕ ಕೂಡಿಸಿ ಮೂರು ತಾಸಿಗೊಮ್ಮೆ 0ಯಿಂದ 9ರವರೆಗೆ ಒಂದು ಅಂಕ ಕೊಡುತ್ತಾರೆ. ಪರೀಕ್ಷೆಯ ಅಂಕ ಇದ್ದಂತೆ, ಆದರೆ ಇಲ್ಲಿ ಹೆಚ್ಚು ಅಂಕ ಬಂದಷ್ಟೂ ಗಲಾಟೆ ಹೆಚ್ಚು. ದಿನಕ್ಕೆ ಎಂಟು ಅಂಕ. ಅವನ್ನು ಕೂಡಿದರೆ ಆ ದಿನದ ಮೊತ್ತ. ಮೂವರು ಲೇಖಕರು ಮಾಡಿದ್ದಿಷ್ಟು: ಒಂದು ಕಡೆ ಆಯಾ ದಿನದ ಮೊತ್ತ, ಇನ್ನೊಂದು ಕಡೆ ಅದೇ ದಿನ ಮ್ಯಾರಿನರ್ ಅಳೆದ ಗಾಳಿಯ ವೇಗ, ಎರಡನ್ನೂ ಗ್ರಾಫ್ ಹಾಳೆಗೆ ಏರಿಸಿದರು. ಚುಕ್ಕೆಗಳು ಒಂದು ಸರಳರೇಖೆಯ ಸುತ್ತ ಕೂತವು. ಮೊತ್ತವನ್ನು 8.44ರಿಂದ ಗುಣಿಸಿ 330 ಕೂಡಿದರೆ ಗಾಳಿಯ ವೇಗ, ಸೆಕೆಂಡಿಗೆ ಇಷ್ಟು ಕಿಲೊಮೀಟರ್ ಎಂದು ಬರುತ್ತದೆ. ಮೊತ್ತ 10 ಇದ್ದರೆ ಸುಮಾರು 414. ಮೊತ್ತ 40 ಇದ್ದರೆ ಸುಮಾರು 668.

ಅಂದರೆ ನೆಲದ ಮೇಲೆ ಕೂತು ಸೂಜಿ ನೋಡಿ, ಕೋಟಿ ಕೋಟಿ ಕಿಲೊಮೀಟರ್ ಆಚೆಯ ಗಾಳಿಯ ವೇಗವನ್ನು ಅಂದಾಜು ಮಾಡಬಹುದು! ಇನ್ನು ಆ 330 ಎಂಬ ಸಂಖ್ಯೆಯನ್ನು ನೋಡಿ. ಮೊತ್ತ ಸೊನ್ನೆಯಾದರೂ, ಅಂದರೆ ಸೂಜಿ ಅಲುಗದೆ ತೆಪ್ಪಗಿರುವ ದಿನವೂ ಗಾಳಿ ಸೆಕೆಂಡಿಗೆ 330 ಕಿಲೊಮೀಟರ್ ಬೀಸುತ್ತಲೇ ಇರುತ್ತದೆ ಎಂದು ಆ ರೇಖೆ ಹೇಳುತ್ತದೆ. ನಮ್ಮ ಹಾವೇರಿಯಿಂದ ಬೆಂಗಳೂರಿಗೆ ಹೆಚ್ಚುಕಡಿಮೆ ಒಂದು ಸೆಕೆಂಡು. ಇಷ್ಟು ವೇಗವಿದ್ದರೂ ಸೂರ್ಯನಿಂದ ನಮ್ಮಲ್ಲಿಗೆ ಬರಲು ನಾಲ್ಕೈದು ದಿನ ಬೇಕು. ಈ ಗಾಳಿ ಎಷ್ಟು ತೆಳು ಎಂದರೆ ಒಂದು ಘನ ಸೆಂಟಿಮೀಟರಿನಲ್ಲಿ ಐದಾರು ಕಣ ಇದ್ದರೆ ಹೆಚ್ಚು. ಅಷ್ಟು ತೆಳುವಾದದ್ದು ಭೂಮಿಯ ಕಾಂತಕ್ಷೇತ್ರವನ್ನು ಕಲಕುತ್ತದೆ.

ವೇಗ 27 ದಿನಗಳಿಗೊಮ್ಮೆ ಮರಳಿ ಏರುವುದೂ ಕಂಡಿತು. ಭೂಮಿಯಿಂದ ನೋಡಿದರೆ ಸೂರ್ಯ ತನ್ನ ಸುತ್ತ ಒಂದು ಸುತ್ತು ಬರಲು ಬೇಕಾಗುವ ಕಾಲವೂ ಅದೇ. ಬಿರುಸಾದ ಗಾಳಿ ಸೂರ್ಯನ ಮೈಯ ಯಾವುದೋ ಜಾಗದಿಂದ ಹೊರಟು, ಆ ಜಾಗ ನಮ್ಮ ಕಡೆ ತಿರುಗಿದಾಗಲೆಲ್ಲ ನಮಗೆ ಬಡಿಯುತ್ತದೆ ಎಂದಾಯಿತು. ಗಾಳಿಯ ವೇಗ ಮಾತ್ರವಲ್ಲ, ಅದು ಹೊತ್ತು ತರುವ ಕಾಂತಕ್ಷೇತ್ರ ದಕ್ಷಿಣಕ್ಕೆ ಮುಖ ಮಾಡಿದೆಯೋ ಉತ್ತರಕ್ಕೋ ಎಂಬುದೇ ಹೆಚ್ಚು ಮುಖ್ಯ ಎಂದು ಮುಂದಿನ ಸಂಶೋಧನೆಗಳು ತೋರಿಸಿದವು. ಆದರೂ ಸೂರ್ಯನ ಗಾಳಿಗೂ ನೆಲದ ಸೂಜಿಗೂ ಗಂಟು ಹಾಕಿ ತೋರಿಸಿದ ಮೊದಲ ಗಟ್ಟಿ ಲೆಕ್ಕಗಳಲ್ಲಿ ಇದೊಂದು.

ಇಲ್ಲಿ ನನ್ನದೇ ಒಂದು ತಪ್ಪೊಪ್ಪಿಗೆ. ಸೂರ್ಯನ ಕಣಗಳು ನೇರವಾಗಿ ಬಂದು ಧ್ರುವಕ್ಕೆ ಬಡಿಯುತ್ತವೆ ಎಂದು ನಾನು ಮಕ್ಕಳಿಗೆ ಹೇಳಿದ್ದು ಪೂರಾ ಸರಿಯಲ್ಲ. ಭೂಮಿಯ ಕಾಂತಕ್ಷೇತ್ರವನ್ನು ಸೌರಮಾರುತ ಹೊಳೆಯ ನೀರು ಬಂಡೆಯನ್ನು ಸುತ್ತುವರಿದಂತೆ ಸುತ್ತುವರಿಯುತ್ತದೆ. ವರದೆಗೆ ಮಳೆಗಾಲದ ನೀರು ಬಂದಾಗ ಸೇತುವೆಯ ಕಂಬದ ಬಳಿ ನಿಂತು ನೋಡಿ. ಎದುರು ಬದಿಯಲ್ಲಿ ನೀರು ಒತ್ತಿ ಉಬ್ಬುತ್ತದೆ, ಹಿಂದೆ ಉದ್ದನೆಯ ಸುಳಿಸಾಲು ಬಾಲದಂತೆ ಎಳೆಯುತ್ತದೆ. ಹಾಗೆಯೇ ಭೂಮಿಯ ಸೂರ್ಯಮುಖಿ ಬದಿಯಲ್ಲಿ ಕಾಂತಕ್ಷೇತ್ರ ಸುಮಾರು 65 ಸಾವಿರ ಕಿಲೊಮೀಟರಿನವರೆಗೆ ಒತ್ತಿ ನಿಲ್ಲುತ್ತದೆ. ಕತ್ತಲ ಬದಿಯಲ್ಲಿ ಚಂದ್ರನ ದೂರವನ್ನೂ ದಾಟಿ ಬಾಲವಾಗಿ ಚಾಚುತ್ತದೆ. ಈ ಇಡೀ ಆವರಣವೇ ಕಾಂತಗೋಳ. ಗೋಳ ಎನ್ನುವುದು ಬರೀ ಹೆಸರಿಗೆ, ಆಕಾರ ಗೊದಮೊಟ್ಟೆಯದು. ಗಾಳಿ ತುಂಬಿದ ಶಕ್ತಿ ಬಾಲದಲ್ಲಿ ಕೂಡಿಕೊಂಡು, ತಡೆಯಲಾರದಾದಾಗ ಸಡಿಲಗೊಂಡು, ಅಲ್ಲಿಂದ ಎಲೆಕ್ಟ್ರಾನುಗಳು ಹಿಂದಿನಿಂದ ಧ್ರುವದ ಕಡೆಗೆ ಧಾವಿಸುತ್ತವೆ. ಅದಕ್ಕೇ ಧ್ರುವಪ್ರಭೆಯ ಒಳ್ಳೆಯ ಆಟ ನಡುರಾತ್ರಿಯ ಹೊತ್ತಿಗೆ. ಸುಮಾರು 100ರಿಂದ 150 ಕಿಲೊಮೀಟರ್ ಎತ್ತರದಲ್ಲಿ ಆಮ್ಲಜನಕದ ಪರಮಾಣುಗಳಿಗೆ ಬಡಿದರೆ ಹಸಿರು, 200ಕ್ಕಿಂತ ಮೇಲಿನ ತೆಳುಗಾಳಿಯಲ್ಲಿ ಅದೇ ಆಮ್ಲಜನಕದಿಂದ ಕೆಂಪು.

1963ರಿಂದ 66ರವರೆಗೆ ರಾಯರು ಟೆಕ್ಸಾಸಿನ ಡಲ್ಲಾಸಿನಲ್ಲಿದ್ದರು. ಆಸ್ಟ್ರೇಲಿಯದ ಕೆನೆತ್ ಮೆಕ್ರಾಕೆನ್ ಜತೆಗೂಡಿ ಪಯೊನೀರ್-6 ಮತ್ತು ನಂತರದ ನೌಕೆಗಳಿಗೆ ವಿಶ್ವಕಿರಣದ ಉಪಕರಣಗಳನ್ನು ಸಿದ್ಧಪಡಿಸಿದರು. ಪಯೊನೀರ್-6 ಹಾರಿದ್ದು 1965ರ ಡಿಸೆಂಬರ್ 16ರಂದು. ಮೂವತ್ತೈದು ವರ್ಷಗಳ ನಂತರ, 2000ದ ಡಿಸೆಂಬರಿನಲ್ಲೂ ಅದರ ಸಂಕೇತ ಭೂಮಿಗೆ ಕೇಳಿಸಿತು. ಹೊಲದಲ್ಲಿ ತಿರುಗುವ ಸ್ಪ್ರಿಂಕ್ಲರ್ ನೋಡಿದ್ದೀರಲ್ಲ? ನೀರ ಹನಿ ನೇರವಾಗಿ ಹಾರಿದರೂ ನೀರಿನ ಎಳೆ ಸುರುಳಿಯಾಗಿ ಕಾಣುತ್ತದೆ. ತಿರುಗುವ ಸೂರ್ಯನ ಕಾಂತರೇಖೆಗಳೂ ಹಾಗೆಯೇ ಸುರುಳಿ. ಸೂರ್ಯನಲ್ಲಿ ಸ್ಫೋಟವಾದಾಗ ಹೊರಟ ಕಣಗಳು ನೇರ ದಾರಿ ಬಿಟ್ಟು ಈ ಸುರುಳಿ ಹಿಡಿದೇ ಬರುತ್ತವೆ ಎಂಬುದನ್ನು ಪಯೊನೀರ್‌ನ ಅಳತೆಗಳು ತೋರಿಸಿದವು.

1966ರಲ್ಲಿ ಅವರು ಅಹಮದಾಬಾದಿಗೆ ಮರಳಿದರು. 1971ರ ಡಿಸೆಂಬರ್ 30ರಂದು ಸಾರಾಭಾಯಿ ತೀರಿಕೊಂಡರು. 1972ರಲ್ಲಿ ರಷ್ಯದೊಂದಿಗೆ ಒಪ್ಪಂದವಾಗಿ, ಭಾರತದ ಮೊದಲ ಉಪಗ್ರಹವನ್ನು ಕಟ್ಟುವ ಹೊಣೆ ನಲವತ್ತು ವರ್ಷದ ರಾಯರ ಹೆಗಲೇರಿತು. ಬೆಂಗಳೂರಿನ ಪೀಣ್ಯದ ಕೈಗಾರಿಕಾ ಷೆಡ್ಡುಗಳು, ಈಗಷ್ಟೇ ಕಾಲೇಜು ಬಿಟ್ಟ ಹುಡುಗರು. ಈ ಕಥೆ ಬೇಕಾದಷ್ಟು ಸಲ ಬಂದಿದೆ, ಮತ್ತೆ ಹೇಳುವುದಿಲ್ಲ.

ನನ್ನನ್ನು ಕಾಡುವುದು ಬೇರೆ. ನಲವತ್ತರ ವಯಸ್ಸು ಸಂಶೋಧಕನಿಗೆ ಫಸಲಿನ ಕಾಲ. ಆ ಹೊತ್ತಿಗೆ ತನ್ನ ಹೊಲವನ್ನು ಬಿಟ್ಟು ಊರ ಕೆರೆ ತೋಡಲು ಹೊರಟರು ರಾಯರು. ಧಾರವಾಡದಲ್ಲಿ ಎಂ.ಎಸ್‌ಸಿ. ಮಾಡುವ ಆಸೆಯನ್ನು ಮಡಚಿಟ್ಟು ಬಿ.ಎಡ್. ಮಾಡಿ ಕೆಲಸಕ್ಕೆ ಸೇರಿದ ನನಗೆ ಈ ತಿರುವಿನ ಬಗ್ಗೆ ಓದುವಾಗ ಸಣ್ಣ ಸಂಕಟವಾಯಿತು. ನನ್ನದು ಹೊಟ್ಟೆಪಾಡು, ಅವರದು ಅರಿತು ಮಾಡಿದ ಆಯ್ಕೆ, ಹೋಲಿಸಬಾರದು ನಿಜ. ಆದರೆ ಕೈಬಿಟ್ಟ ವಿದ್ಯೆ ರಾತ್ರಿ ಹೊತ್ತು ನೆನಪಾಗದೆ ಇರುತ್ತದೆಯೇ?

ಅವರು ಪೂರ್ತಿ ಕೈಬಿಡಲಿಲ್ಲ ಎಂಬುದಕ್ಕೆ ಆರ್ಯಭಟವೇ ಸಾಕ್ಷಿ. 1975ರ ಏಪ್ರಿಲ್ 19ರಂದು ರಷ್ಯದ ಕಪುಸ್ಟಿನ್ ಯಾರ್‌ನಿಂದ ಹಾರಿದ 360 ಕಿಲೊ ತೂಕದ ಆ ಉಪಗ್ರಹದಲ್ಲಿ ಮೂರು ಪ್ರಯೋಗಗಳಿದ್ದವು: ಎಕ್ಸ್-ಕಿರಣ ಖಗೋಳ, ಮೇಲ್ವಾತಾವರಣ, ಮತ್ತು ಸೂರ್ಯನಿಂದ ಬರುವ ನ್ಯೂಟ್ರಾನು, ಗಾಮಾ ಕಿರಣಗಳು. ಮೊದಲ ಉಪಗ್ರಹದ ಹೊಟ್ಟೆಯಲ್ಲೇ ಸೂರ್ಯನನ್ನು ಇಟ್ಟಿದ್ದರು! ಐದನೆಯ ದಿನ ವಿದ್ಯುತ್ ಪೂರೈಕೆ ಕೆಟ್ಟು ಮೂರೂ ಪ್ರಯೋಗಗಳನ್ನು ನಿಲ್ಲಿಸಬೇಕಾಯಿತು. ಉಪಗ್ರಹ ಬದುಕಿತ್ತು, ಅದರೊಳಗಿನ ವಿಜ್ಞಾನ ಮೂಕವಾಯಿತು. ದೇಶ ಹಬ್ಬ ಆಚರಿಸುತ್ತಿದ್ದಾಗ ಆ ಭೌತವಿಜ್ಞಾನಿಗೆ ಹೇಗೆನಿಸಿತ್ತೋ.

ಮುಂದಿನದು ಗೊತ್ತಿರುವುದೇ. ಭಾಸ್ಕರ, ಆ್ಯಪಲ್, ಇನ್ಸಾಟ್; 1984ರಿಂದ ಹತ್ತು ವರ್ಷ ಇಸ್ರೊದ ಅಧ್ಯಕ್ಷಗಿರಿ. ಹೀಗೆ ಕಟ್ಟಿದ ಉಪಗ್ರಹಗಳಿಗೂ ಕಂಟಕ ಅದೇ ಸೌರಮಾರುತ ಎಂಬುದು ವಿಚಿತ್ರ. 2022ರ ಫೆಬ್ರುವರಿಯಲ್ಲಿ ಸಾಧಾರಣ ಕಾಂತ ಬಿರುಗಾಳಿಯೊಂದಕ್ಕೆ ಅಮೆರಿಕದ ಖಾಸಗಿ ಕಂಪನಿಯೊಂದು ಆಗಷ್ಟೇ ಹಾರಿಸಿದ್ದ ಸುಮಾರು 40 ಉಪಗ್ರಹಗಳು ಸುಟ್ಟುಬಿದ್ದವು. 1989ರ ಮಾರ್ಚ್ 13ರಂದು ಕೆನಡಾದ ಕ್ವಿಬೆಕ್ ಪ್ರಾಂತ ಇಂಥ ಬಿರುಗಾಳಿಯಿಂದ ಒಂಬತ್ತು ತಾಸು ಕತ್ತಲಲ್ಲಿ ಕೂತಿತ್ತು. ಇನ್ನೂ ಹಿಂದೆ, 1859ರ ಸೆಪ್ಟೆಂಬರಿನ ಮಹಾ ಬಿರುಗಾಳಿಯಲ್ಲಿ ಅಮೆರಿಕದ ತಂತಿ ಕಚೇರಿಗಳು ಬ್ಯಾಟರಿ ಕಳಚಿಟ್ಟು ಬರೀ ಆಕಾಶದ ವಿದ್ಯುತ್ತಿನಲ್ಲೇ ಸಂದೇಶ ಕಳಿಸಿದವು. ಆ ಬಿರುಗಾಳಿಯ ಅತ್ಯಮೂಲ್ಯ ದಾಖಲೆ ಇರುವುದು ಮುಂಬಯಿಯ ಕೊಲಾಬಾ ವೀಕ್ಷಣಾಲಯದಲ್ಲಿ. ಅಲ್ಲಿನ ನೌಕರರು ಕಣ್ಣಿಂದ ನೋಡಿ ಕೈಯಿಂದ ಬರೆದಿಟ್ಟ ಅಂಕಿಗಳ ಪ್ರಕಾರ ಕಾಂತಕ್ಷೇತ್ರ ಒಮ್ಮೆಲೇ 1600 ನ್ಯಾನೊಟೆಸ್ಲಾದಷ್ಟು ಕುಸಿದಿತ್ತು. ಅವರು ಅಂದು ನಿದ್ದೆಗೆಟ್ಟು ಬರೆದದ್ದರ ಬೆಲೆ ತಿಳಿಯಲು ಒಂದೂವರೆ ಶತಮಾನವೇ ಬೇಕಾಯಿತು.

ಇನ್ನು ಹುಡುಗ ತಂದ ಚಿತ್ರಕ್ಕೆ ಬರೋಣ. 2024ರ ಮೇ 10-11ರ ರಾತ್ರಿಯದು, 2003ರ ನಂತರದ ಅತಿ ಬಲವಾದ ಕಾಂತ ಬಿರುಗಾಳಿ. ಭೂಮಧ್ಯರೇಖೆಯ ಸುತ್ತಿನ ಕಾಂತಕ್ಷೇತ್ರ 400 ನ್ಯಾನೊಟೆಸ್ಲಾಕ್ಕೂ ಹೆಚ್ಚು ತಗ್ಗಿತ್ತು. ಹಾನ್ಲೆಯ ವೀಕ್ಷಣಾಲಯ ಇರುವುದು 4500 ಮೀಟರ್ ಎತ್ತರದಲ್ಲಿ, ಅದನ್ನು ನಡೆಸುವುದು ನಮ್ಮ ಬೆಂಗಳೂರಿನ ಭಾರತೀಯ ಖಭೌತ ವಿಜ್ಞಾನ ಸಂಸ್ಥೆ. ಅಲ್ಲಿನ ಕ್ಯಾಮೆರಾಕ್ಕೆ ಉತ್ತರದ ಅಂಚಿನಲ್ಲಿ ಸಿಕ್ಕಿದ್ದು ತೀರ ಎತ್ತರದ ಕೆಂಪು ಮಾತ್ರ. ಕೆಳಗಿನ ಹಸಿರೆಲ್ಲ ಭೂಮಿಯ ಗುಂಡಿನಾಚೆ ಮರೆಯಾಗಿತ್ತು. ಕರ್ಜಗಿ ಅಲ್ಲಿಂದ ಇನ್ನೂ ಎರಡು ಸಾವಿರ ಕಿಲೊಮೀಟರ್ ತೆಂಕಣಕ್ಕಿದೆ.

ಆ ದಿನಗಳಲ್ಲಿ ಬಿರುಗಾಳಿಯನ್ನು ಭೂಮಿಯಿಂದ 15 ಲಕ್ಷ ಕಿಲೊಮೀಟರ್ ಮುಂದೆ ನಿಂತು ಅಳೆದವುಗಳಲ್ಲಿ ನಮ್ಮದೇ ಆದಿತ್ಯ-ಎಲ್1 ಕೂಡ ಒಂದು. 2023ರ ಸೆಪ್ಟೆಂಬರ್ 2ರಂದು ಹಾರಿ, 2024ರ ಜನವರಿ 6ರಂದು ತನ್ನ ಜಾಗ ಸೇರಿದ ನೌಕೆ. ಮೊದಲಿನ ಯೋಜನೆಯಲ್ಲಿ ಅದು ಒಂದೇ ಉಪಕರಣ ಹೊತ್ತು ಭೂಮಿಯ ಹತ್ತಿರವೇ ಸುತ್ತಬೇಕಿತ್ತು. ಆಮೇಲೆ ಏಳು ಉಪಕರಣಗಳೊಂದಿಗೆ ದೂರದ ಎಲ್1ಕ್ಕೆ ಕಳಿಸುವುದೆಂದಾಯಿತು. ಬಾಹ್ಯಾಕಾಶ ವಿಜ್ಞಾನದ ಸಲಹಾ ಸಮಿತಿಯ ಅಧ್ಯಕ್ಷರಾಗಿ ರಾಯರು ಈ ಯೋಜನೆಯನ್ನು ಬೆಳೆಸಿದವರು. ಎಲ್1ರಲ್ಲಿ ನಿಂತರೆ ಸೌರಮಾರುತ ನೇರ ಮುಖಕ್ಕೆ ಬೀಸುತ್ತದೆ. ಅಲ್ಲಿ ಅದನ್ನು ಅಳೆಯುವ ಆಸ್ಪೆಕ್ಸ್ ಉಪಕರಣವನ್ನು ಕಟ್ಟಿದ್ದು ಅಹಮದಾಬಾದಿನ ಭೌತ ಸಂಶೋಧನಾ ಪ್ರಯೋಗಾಲಯ, ರಾಯರು ವಿಶ್ವಕಿರಣಗಳ ಲೆಕ್ಕ ಹಾಕುತ್ತ ಕೂತಿದ್ದ ಅದೇ ಮನೆ. ನೌಕೆಯನ್ನು ಜೋಡಿಸಿದ್ದು ಬೆಂಗಳೂರಿನ ಯು.ಆರ್. ರಾವ್ ಉಪಗ್ರಹ ಕೇಂದ್ರ. ಆದಿತ್ಯ ಹಾರುವುದನ್ನು ನೋಡಲು ಅವರಿರಲಿಲ್ಲ. 2017ರ ಜುಲೈ 24ರಂದು ತೀರಿಕೊಂಡರು.

ಹುಡುಗನಿಗೆ ಇದನ್ನೆಲ್ಲ ಒಂದೇ ದಿನ ಹೇಳಲಿಲ್ಲ, ವಾರವೇ ಹಿಡಿಯಿತು. ಮಕ್ಕಳಿಂದ ಆ ಸರಳರೇಖೆಯನ್ನು ಗ್ರಾಫ್ ಹಾಳೆಯಲ್ಲಿ ಬರೆಸಿದೆ. ಆಮೇಲೆ ಗಾಜಿನ ಭರಣಿಯೊಳಗೆ ರೇಷ್ಮೆ ಎಳೆಯಲ್ಲಿ ದಂಡಕಾಂತ ತೂಗಬಿಟ್ಟು, ಅದಕ್ಕೆ ಚೂರು ಕನ್ನಡಿ ಅಂಟಿಸಿ, ಟಾರ್ಚಿನ ಬೆಳಕು ಎದುರು ಗೋಡೆಗೆ ಬೀಳುವಂತೆ ಮಾಡಿದೆವು. ಕಾಂತ ಕೂದಲೆಳೆಯಷ್ಟು ತಿರುಗಿದರೂ ಗೋಡೆಯ ಬೆಳಕು ಎದ್ದು ಕಾಣುವಂತೆ ಸರಿಯುತ್ತದೆ. ದಿನಕ್ಕೆ ಮೂರು ಹೊತ್ತು ಗುರುತು ಹಾಕುವ ಕೆಲಸ ಆ ಹುಡುಗನದೇ.

ಒಂದು ಮಧ್ಯಾಹ್ನ ಓಡಿ ಬಂದ. "ಸರ, ಬೆಳಕು ಒಂದ ಗೇಣು ಸರದೈತ್ರಿ! ಬಿರುಗಾಳಿ ಬಂದೈತಿ!" ಎಲ್ಲರೂ ಹೋಗಿ ನೋಡಿದೆವು. ಸರಿದಿದ್ದು ನಿಜ. ಕಿಟಕಿಯಾಚೆ ಇಣುಕಿದರೆ ಯಾರೋ ಪಾಲಕರು ಗೋಡೆಗೆ ಆನಿಸಿ ಮೋಟಾರ್ ಸೈಕಲ್ ನಿಲ್ಲಿಸಿದ್ದರು. ಹುಡುಗನ ಮುಖ ಬಾಡಿತು. ಕೊಲಾಬಾದವರಿಗೂ ಇದೇ ಗತಿಯಾಗಿತ್ತು, ಮುಂಬಯಿಗೆ ವಿದ್ಯುತ್ ಟ್ರಾಮ್ ಬರುತ್ತದೆಂದು ಕಾಂತಮಾಪಿಗಳನ್ನೆಲ್ಲ ಅಲಿಬಾಗಿಗೆ ಸಾಗಿಸಿದರು, ಅಲ್ಲಿ 1904ರಿಂದ ಹೊಸ ವೀಕ್ಷಣಾಲಯ ಶುರುವಾಯಿತು ಎಂದು ಹೇಳಿದ ಮೇಲೆ ತುಸು ಗೆಲುವಾದ. ಗಾಡಿಯನ್ನು ಬೇವಿನ ಮರದಡಿ ನಿಲ್ಲಿಸಿ ಎಂದು ಪಾಲಕರಿಗೆ ಹೇಳಿ ಬಂದ. ಬೆಳಕು ಮರಳಿ ತನ್ನ ಗೆರೆಗೆ ಬಂತು. ನೋಟುಬುಕ್ಕಿನಲ್ಲಿ ಆ ದಿನದ ಅಂಕಿಯ ಮುಂದೆ 'ಮೋಟಾರ್ ಸೈಕಲ್' ಎಂದು ಬರೆದು, ಕೆಳಗೆ ವೇಳೆ ಹಾಕಿದ.